ಬಿಡುವಿನ ದಾನ

ನಮ್ಮ ಮನೆಯ ಕಂಪ್ಯೂಟರು ಸುಮ್ಮನೆ ಕೂತಿರುವ ಹೊತ್ತನ್ನು ನಾನು ಲೋಕಕಲ್ಯಾಣಕ್ಕೆ ದಾನ ಮಾಡಿದ್ದೇನೆ. ಯಾರೂ ಬಳಸದಿರುವಾಗ ಅದು ತನ್ನಷ್ಟಕ್ಕೆ ವಿಜ್ಞಾನಿಗಳಿಗೆ ಲೆಕ್ಕ ಮಾಡಿಕೊಡುತ್ತದೆ. ಹೊಸ ಔಷಧಿ ಹುಡುಕುವ ಲೆಕ್ಕ. ಸಾವಿರಾರು ಮನೆಗಳ ಕಂಪ್ಯೂಟರುಗಳು ಹೀಗೆ ಕೈಜೋಡಿಸಿವೆ.

ಆದರೆ ಹೋದ ವಾರದಿಂದ ನನ್ನ ದಾನ ನಿಂತಿತ್ತು. ಲೆಕ್ಕದ ತಂತ್ರಾಂಶಕ್ಕೆ ಬೇಕಾದ ಒಂದು ಭಾಗ ಅರ್ಧ ಡೌನ್‌ಲೋಡ್ ಆಗಿ ನಿಲ್ಲುತ್ತಿತ್ತು. ‘ವಿಫಲ. ಮತ್ತೆ ಪ್ರಯತ್ನಿಸಲಾಗುವುದು’ ಎಂದು ಪರದೆಯ ಮೇಲೆ ಬರುವುದು, ನಾನು ಅದನ್ನು ಗಟ್ಟಿಯಾಗಿ ಓದಿ ಹಲ್ಲು ಕಡಿಯುವುದು. (ಸೋಲನ್ನು ಇಷ್ಟು ವಿನಯದಿಂದ ಒಪ್ಪಿಕೊಳ್ಳುವವರು ನಮ್ಮ ಮನೆಯಲ್ಲಿ ಬೇರೆ ಯಾರೂ ಇಲ್ಲ.)

“ಅಡುಗೆಮನೆ ನಲ್ಲಿ ತೊಟ್ಟಿಕ್ತಿದೆ, ಅದು ಕಾಣಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ!” ಎಂದಳು ಹೆಂಡತಿ.

“ಊಟದ ಹೊತ್ತಿಗೆ ಈ ಡೌನ್‌ಲೋಡ್ ಸರಿಮಾಡ್ತೀನಿ ಕಣೇ. ಆಗಲಿಲ್ವಾ, ಕಂಪ್ಯೂಟರ್ ನಿಮ್ಮಮ್ಮನ ಕೋಣೆಗೆ!”

ಅತ್ತೆಯವರು ಸೋಫಾದಿಂದ ಕತ್ತೆತ್ತಿದರು. ಅವರು ಇದೇ ಕಂಪ್ಯೂಟರಿನಲ್ಲಿ ಡೌನ್‌ಲೋಡ್ ಮಾಡಿಕೊಂಡು ನೋಡುವ ಧಾರಾವಾಹಿಯೂ ಹೋದ ವಾರದಿಂದ ಬರುತ್ತಿರಲಿಲ್ಲ. ಚಾನೆಲ್‌ನವರೇ ನಿಲ್ಲಿಸಿರಬೇಕೆಂದು ನಾನು ಸಮಾಧಾನ ಹೇಳಿದ್ದೆ.

ತಂತಿ ಕಿತ್ತು ಸಿಕ್ಕಿಸಿದೆ. ಅರ್ಧಂಬರ್ಧ ಬಂದ ತುಣುಕುಗಳನ್ನು ಗುಡಿಸಿ ಹಾಕಿದೆ. ತಂತ್ರಾಂಶವನ್ನೇ ಕಿತ್ತೊಗೆದು ಮತ್ತೆ ಪ್ರತಿಷ್ಠಾಪಿಸಿದೆ. ವಿಫಲ. ಕೊನೆಗೆ ಇಂಟರ್ನೆಟ್ ಕಂಪನಿಗೆ ಫೋನು ಮಾಡಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ, ಎಗರಾಡಿದೆ.

“ಸರ್, ಇಲ್ಲಿಂದಲೇ ಕಾಣ್ತಿದೆ,” ಎಂದಳು ಆ ಕಡೆಯ ಹುಡುಗಿ. “ದೊಡ್ಡ ಫೈಲ್ ಬರದ ಹಾಗೆ ನಿಮ್ಮ ವೈಫೈನಲ್ಲೇ ಯಾರೋ ತಡೆ ಹಾಕಿದ್ದಾರೆ, ಹೋದ ವಾರ. ಮನೇಲಿ ತುಂಟ ಮಕ್ಕಳಿದ್ದಾರಾ?”

“ಒಬ್ಬರಿದ್ದಾರಮ್ಮ,” ಎಂದಳು ಹೆಂಡತಿ. “ಐವತ್ತು ದಾಟಿದೆ.”

ಅತ್ತೆಯ ಧಾರಾವಾಹಿಗೆಂದು ನಾನೇ ಬಿಟ್ಟ ಬಾಣ ವಿಜ್ಞಾನಿಗಳಿಗೂ ತಗುಲಿತ್ತು.

ತಡೆ ತೆಗೆದೆ. ಭಾಗ ಸರಸರನೆ ಇಳಿಯಿತು. ಮಾತು ಉಳಿಯಿತು, ಕಂಪ್ಯೂಟರು ನನ್ನ ಕೋಣೆಯಲ್ಲೇ ಉಳಿಯಿತು. ಅದರ ಮುಂದಿನ ಕುರ್ಚಿಯಲ್ಲಿ ಮಾತ್ರ, ವಾರದ ಬಾಕಿ ಕಂತುಗಳೊಂದಿಗೆ, ಅತ್ತೆಯವರು. ಪರದೆಯ ಮೂಲೆಯಲ್ಲಿ ತಂತ್ರಾಂಶ ಹೇಳಿತು: ‘ಕಂಪ್ಯೂಟರಿಗೆ ಬಿಡುವಿಲ್ಲ. ಕಾಯಲಾಗುತ್ತಿದೆ.’

“ಪಾಪ, ಅದಕ್ಕೆ ಬಿಡುವಿಲ್ಲ. ನಿಮಗಿದೆಯಲ್ಲ?” ಎಂದಳು ಹೆಂಡತಿ. “ಮಹಡಿ ಮನೆಯವರಿಗೆ ಬೀರು ಸರಿಸೋಕೆ ಆಳು ಬೇಕಂತೆ. ನಿಮ್ಮನ್ನ ದಾನ ಮಾಡಿದ್ದೀನಿ. ಏಳಿ ರೀ.”

ನಾನು ಕೇಳಿಸದವನಂತೆ ಕೂತೇ ಇದ್ದೆ.

“ವಿಫಲ,” ಎಂದರು ಅತ್ತೆಯವರು, ಪರದೆಯಿಂದ ಕಣ್ಣು ತೆಗೆಯದೆ. “ಮತ್ತೆ ಪ್ರಯತ್ನಿಸು ಮಗಳೇ.”