ಗಾರ್ಡ್ ರಾಘಣ್ಣನವರ ಯುರೋಪ್ ಪಾಸು

ಯುರೋಪಿನ ನೆಲದಲ್ಲಿ ರೈಲು ಹತ್ತುವುದಾದರೆ ಪಾಸು ಹಿಡಿದೇ ಹತ್ತತಕ್ಕದ್ದು, ಟಿಕೀಟು ಕೊಂಡು ಹತ್ತುವ ಅಪಮಾನವನ್ನು ಈ ಜನ್ಮದಲ್ಲಿ ಮಾಡಿಕೊಳ್ಳತಕ್ಕದ್ದಲ್ಲ ಎಂದು ರಾಘಣ್ಣನವರು ಪುಣೆಯ ಧನಕವಡಿಯ ತಮ್ಮ ಮನೆಯ ತೂಗುಮಂಚದ ಮೇಲೆ ಕುಳಿತು ಘೋಷಿಸಿದರು. ಕೇಳುವವರು ಇಬ್ಬರೇ ಇದ್ದರು. ಹೆಂಡತಿ ಭಾಮಾಬಾಯಿ ಎದುರಿಗೆ ಕುಳಿತು ಮೆಂತೆಪಲ್ಲೆ ಸೋಸುತ್ತಿದ್ದರು. ಮಗಳು ಮಂಜರಿ ಊರಿನ ಇನ್ನೊಂದು ತುದಿಗಿದ್ದ ವಾಕಡದ ತನ್ನ ಮನೆಯಿಂದ ಫೋನಿನಲ್ಲಿದ್ದಳು.

ರಾಘಣ್ಣನವರ ಅಭಿಮಾನಕ್ಕೆ ಕಾರಣವಿತ್ತು. ದೌಂಡ ಜಂಕ್ಷನ್ನಿನಲ್ಲಿ ಅವರು ಗಾರ್ಡ್ ಆಗಿದ್ದವರು. ಸೊಲ್ಲಾಪುರದ ಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ ನಿಂತು, ಒಬ್ಬ ಮುದುಕಿಯೂ ಒಂದು ಹಾಲಿನ ಕ್ಯಾನೂ ಪ್ಲಾಟ್‌ಫಾರ್ಮಿನ ಮೇಲೆ ಉಳಿದಿಲ್ಲವೆಂದು ಕಣ್ಣಾರೆ ನೋಡಿದ ಮೇಲೆಯೇ ಹಸಿರು ಬಾವುಟ ಬೀಸಿದವರು. ಮದುವೆಯಿರಲಿ, ಮುಂಜಿವೆಯಿರಲಿ, ಕಾಶಿಯಾತ್ರೆಯಿರಲಿ, ಅವರ ಸಂಸಾರ ಹೊರಟದ್ದೆಲ್ಲ ರೇಲ್ವೆ ಪಾಸಿನ ಮೇಲೆಯೇ. ಟಿಕೀಟಿನ ಕಿಟಕಿಯ ಮುಂದೆ ಸಾಲು ನಿಂತವರನ್ನು ಕಂಡರೆ ಅವರಿಗೆ ಇಂದಿಗೂ ಕನಿಕರ. ರೇಲ್ವೆಯವನು ಟಿಕೀಟು ಕೊಳ್ಳುವುದೆಂದರೆ ಧಾರವಾಡದ ಪೇಢೆ ಅಂಗಡಿಯವನು ತನ್ನ ಮಗಳ ಮದುವೆಗೆ ಪಕ್ಕದ ಅಂಗಡಿಯಿಂದ ಪೇಢೆ ತರಿಸಿದಂತೆ ಎಂದು ಅವರು ಹೇಳುತ್ತಿದ್ದರು.

“ಅಪ್ಪಾ, ಅದು ನಿಮ್ಮ ರೇಲ್ವೆ ಪಾಸಲ್ಲ,” ಎಂದಳು ಮಂಜರಿ. “ರೊಕ್ಕ ಕೊಟ್ಟು ತಗೋಬೇಕು. ಮತ್ತ ಪಾಸಿದ್ರೂ ಕೆಲವು ಫಾಸ್ಟ್ ಗಾಡಿಗೆ ಸೀಟಿನ ರಿಸರ್ವೇಶನ್ ಬ್ಯಾರೆ ಮಾಡಿಸ್ಬೇಕು. ದಿನಾ ಊರು ಬದಲ್ಸೋರಿಗೆ ಛಲೋ ಅದು. ನೀವು ಇರೋದು ಒಂಬತ್ತೇ ದಿವಸ. ಎಷ್ಟು ಗಾಡಿ ಹತ್ತತೀರಿ ಅನ್ನೋದರ ಮ್ಯಾಲ ಅದ.”

“ಗಾಡಿಗೇನು ಬರ? ಬೇಕಾದಷ್ಟು ಹತ್ತತೇವಿ,” ಎಂದರು ರಾಘಣ್ಣನವರು.

“ಬುಧವಾರ ಸಂಜಿತನಕ ಪಾಸಿಗೆ ರಿಯಾಯ್ತಿ ಅದ. ಅಷ್ಟರೊಳಗ ಹೌದೋ ಅಲ್ಲೋ ಹೇಳ್ರಿ,” ಎಂದು ಮಂಜರಿ ಫೋನಿಟ್ಟಳು.

ರಾಘಣ್ಣನವರು ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಟೈಮ್ ಟೇಬಲ್ ಬರೆಯಲು ಕುಳಿತರು. ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಅಲ್ಲಿಂದ ಕೆಳಗಿಳಿದು ಜರ್ಮನಿ, ಜರ್ಮನಿಯನ್ನು ಉದ್ದಕ್ಕೆ ಸೀಳಿ ಸ್ವಿಟ್ಜರ್ಲೆಂಡ್, ಬೆಟ್ಟದ ಹೊಟ್ಟೆ ಹೊಕ್ಕು ಇಟಲಿ. ನೆಪೋಲಿಯನ್ನನಿಗೂ ಇಷ್ಟು ಅವಸರವಿರಲಿಲ್ಲ. ಭಾಮಾಬಾಯಿ ಕೈ ಒರೆಸಿಕೊಂಡು ಬಂದು, ಕನ್ನಡಕ ಏರಿಸಿ, ಆ ಸಾಲುಗಳಲ್ಲಿ ಒಂದೇ ಹೆಸರನ್ನು ಹುಡುಕಿದರು.

“ಲುಸರ್ನ್ ಸರೋವರ ಎಲ್ಲೆದರೀ?”

“ಇಲ್ಲೇ ಅದ ನೋಡು. ಗಾಡಿ ಬದಲ್ಸೋ ಜಾಗಾ. ಸ್ಟೇಶನ್ನಿನ ಬಾಗಲಾಗ ನಿಂತ್ರ ನೀರು ಕಾಣಸ್ತದಂತ.”

ಪುಣೆಯ ಒಂದು ಕನ್ನಡ ಶಾಲೆಯಲ್ಲಿ ಭಾಮಾಬಾಯಿ ಬಹುಕಾಲ ಭೂಗೋಳ ಕಲಿಸಿದವರು. ಹಿಮನದಿ ಕಣಿವೆಯನ್ನು ಹೇಗೆ ಕೊರೆಯುತ್ತದೆ, ಕೊರೆದ ತಗ್ಗಿನಲ್ಲಿ ನೀರು ಹೇಗೆ ನಿಲ್ಲುತ್ತದೆ ಎಂದು ವರ್ಷವರ್ಷವೂ ನೀಲಿ ಸೀಮೆಸುಣ್ಣದಿಂದ ಆ ಸರೋವರವನ್ನು ಬರೆದು ಅಳಿಸಿದವರು. ವರ್ಷಕ್ಕೊಂದು ಮಗುವಾದರೂ ಎದ್ದು ನಿಂತು, “ಟೀಚರ್, ನೀವು ನೋಡೀರೇನ್ರಿ?” ಎಂದು ಕೇಳುತ್ತಿತ್ತು. “ಪುಸ್ತಕದಾಗ ನೋಡೀನವಾ” ಎಂದು ಅವರು ಹೇಳುತ್ತಿದ್ದರು. ಅದರ ದಂಡೆಯ ಮೇಲೆ ಒಂದು ಪೂರ್ತಿ ದಿವಸ ಸುಮ್ಮನೆ ಕೂರಬೇಕು ಎಂಬುದು ಅವರ ಇಡೀ ಯುರೋಪು. ಉಳಿದ ಯುರೋಪನ್ನು ಗಂಡನಿಗೆ ಬಿಟ್ಟುಕೊಡಲು ಅವರು ಸಿದ್ಧರಿದ್ದರು.

“ಅಲ್ರೀ, ನಾವು ಊರು ನೋಡ್ಲಿಕ್ಕೆ ಹೊಂಟೇವೋ, ಗಾಡಿಯೊಳಗ ಕೂಡ್ಲಿಕ್ಕೆ ಹೊಂಟೇವೋ?”

“ಪಾಸು ವಸೂಲಾಗಬೇಕಲ್ಲ, ಭಾಮಾ.”

ಇದಕ್ಕೆ ಭಾಮಾಬಾಯಿ ವಾದ ಮಾಡಲಿಲ್ಲ. ತರಗತಿಯಲ್ಲಿ ತಿಳಿಯದ ಪಾಠವನ್ನು ಬಯಲಿಗೆ ಕರೆದೊಯ್ದು ತಿಳಿಸುವ ಪದ್ಧತಿ ಅವರದು. “ಹಂಗಾರ ಬುಧವಾರ ಒಂದು ತಾಲೀಮು ಮಾಡೂಣು,” ಎಂದರು. “ಸಿಟಿ ಬಸ್ಸಿನಾಗ ದಿನದ ಪಾಸು ಕೊಡ್ತಾರ. ನಿಮ್ಮ ಯುರೋಪಿನ ಗತ್ತಿನಾಗ ಒಂದು ದಿವಸ ಪುಣೆ ನೋಡೂಣು. ನಿಮ್ಮ ಪಾಸು ನಮಗ ಹೊಂದತದೋ ಇಲ್ಲೋ ಸಂಜಿಕ ತಿಳೀತದ.”

ರಾಘಣ್ಣನವರ ಮುಖ ಅರಳಿತು. ಗೆದ್ದೆನೆಂದೇ ಅವರು ತಿಳಿದರು.

ಬುಧವಾರ ಬೆಳಿಗ್ಗೆ ಭಾಮಾಬಾಯಿ ಎಲೆಹಸಿರು ನೂಲಿನ ಸೀರೆಯುಟ್ಟು ಸಿದ್ಧರಾದರು. ರಾಘಣ್ಣನವರು ಅವರ ಫೋನನ್ನೂ ಪರ್ಸನ್ನೂ ಇಸಿದುಕೊಂಡು ತಮ್ಮ ಚೀಲಕ್ಕೆ ಹಾಕಿಕೊಂಡರು. “ಅಲ್ಲೆ ಕಿಸೆಗಳ್ಳರು ಭಾಳಂತ. ನಿನ್ನ ಕೈ ಖಾಲಿ ಇರಲಿ. ಇವತ್ತಿಂದನ ರೂಢಿ ಆಗಲಿ.” ಎರಡೂ ಪಾಸುಗಳು ಅವರ ಅಂಗಿಯ ಜೇಬಿನಲ್ಲಿ, ಎದೆಗೆ ತಾಗಿ ಕುಳಿತವು.

ಮೊದಲ ಬಸ್ಸು ಕಾತ್ರಜಕ್ಕೆ. ಪ್ರಾಣಿಸಂಗ್ರಹಾಲಯದ ಬಾಗಿಲಿಗೆ ಬೀಗ. ಬುಧವಾರ ರಜೆ.

“ಹುಲಿ ಇಲ್ದಿದ್ರ ಏನಾತು, ಬಸ್ ಅದ,” ಎಂದು ರಾಘಣ್ಣನವರು ಬಂದ ಕಾಲಲ್ಲೇ ತಿರುಗಿದರು. ಅಲ್ಲಿಂದ ಶನಿವಾರವಾಡೆಗೆ ಹೋದರು. ಭಾಮಾಬಾಯಿ ದೊಡ್ಡ ಬಾಗಿಲಿನ ಮೊಳೆಗಳನ್ನು ನೋಡುತ್ತ ನಿಂತಿದ್ದಾಗಲೇ ರಾಘಣ್ಣನವರು ವಾಕಡದ ಬಸ್ಸನ್ನು ದೂರದಿಂದ ಗುರುತಿಸಿದರು. ಬಸ್ಸಿನಲ್ಲಿ ಎಡಗಡೆಯ ಸೀಟುಗಳು ಹೆಂಗಸರವು. ಹೀಗಾಗಿ ಪ್ರತಿ ಸಲವೂ, “ನೀ ಮುಂದ ಹೋಗಿ ಕೂಡು” ಎನ್ನುವರು, ತಾವು ಹಿಂದೆ ಹೋಗಿ ಕೂರುವರು. ದಿನವಿಡೀ ಗಂಡನಿಗೆ ಹೆಂಡತಿಯ ತುರುಬು ಮಾತ್ರ ಕಂಡಿತು, ಹೆಂಡತಿಗೆ ಗಂಡನ ದನಿ ಮಾತ್ರ ಕೇಳಿತು.

ವಾಕಡದಲ್ಲಿ ಮಂಜರಿ ಚಹಕ್ಕೆ ಇಟ್ಟಳು. ಹಾಲು ಉಕ್ಕುವ ಮೊದಲೇ ಅಪ್ಪ ಎದ್ದು ನಿಂತರು.

“ಅಪ್ಪಾ, ಚಹಾನರೆ ಕುಡದು ಹೋಗ್ರಿ.”

“ಜರ್ಮನಿಯೊಳಗ ಚಹಾ ಕುಡಕೋತ ಕೂತ್ರ ಇಟಲಿ ಗಾಡಿ ತಪ್ಪತದ,” ಎಂದರು ರಾಘಣ್ಣನವರು. ಭಾಮಾಬಾಯಿ ಮಗಳ ಕಡೆ ನೋಡಿ, ಚಪ್ಪಲಿ ಮೆಟ್ಟಿಕೊಂಡರು.

ಹೀಗೆ ಪುಣೆಯನ್ನು ಉದ್ದಕ್ಕೂ ಅಡ್ಡಕ್ಕೂ ಹೊಲಿದು, ಮಧ್ಯಾಹ್ನ ಇಳಿದ ಮೇಲೆ ಅವರು ಖಡಕವಾಸಲಾ ಕೆರೆಯ ದಂಡೆಗೆ ಬಂದರು. ನೀರಿನ ಮೇಲಿನಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ಕೆಂಡದ ಮೇಲೆ ಮೆಕ್ಕೆಜೋಳದ ತೆನೆಗಳು ಚಟಪಟ ಎನ್ನುತ್ತಿದ್ದವು. ದೂರದಲ್ಲಿ ಸಿಂಹಗಡ ಮೋಡದ ಮುಂಡಾಸು ಸುತ್ತಿಕೊಂಡು ಕುಳಿತಿತ್ತು. ಭಾಮಾಬಾಯಿ ದಂಡೆಯ ಕಟ್ಟೆಯ ಮೇಲೆ ಕುಳಿತು, ಬೆಳಗಿನಿಂದ ಮೊದಲ ಬಾರಿಗೆ ಕಾಲು ನೀಡಿದರು.

“ವಸೂಲಾತೇನ್ರಿ?”

“ಇನ್ನ ಒಂದೆರಡು ಬಸ್ ಹತ್ತಿದ್ರ ಆಗ್ತದ. ಏಳು, ಸ್ವಾರಗೇಟಿನ ಬಸ್ ನಿಂತದ.”

“ಸ್ವಲ್ಪ ಕೂಡೂಣ್ರಿ. ನೀರು ನೋಡ್ರಿ, ಹ್ಯಾಂಗದ.”

“ನೀರು ಎಲ್ಲೆ ಹೋಗ್ತದ? ಬಸ್ ಹೋಗ್ತದ. ಬಾ, ಬಾ. ನೀ ಮುಂದಿನ ಬಾಗಲಾಗ ಹತ್ತು,” ಎನ್ನುತ್ತ ರಾಘಣ್ಣನವರು ಚೀಲ ಹೆಗಲಿಗೇರಿಸಿ, ಹಿಂದಿರುಗಿ ನೋಡದೆ, ಹಿಂದಿನ ಬಾಗಿಲಿಂದ ಹತ್ತಿಯೇ ಬಿಟ್ಟರು. ಕುಳಿತು ಮುಂದೆ ಕಣ್ಣು ಹಾಯಿಸಿದರು. ಎಡಗಡೆಯ ಮೂರನೆಯ ಸೀಟಿನಲ್ಲಿ ಹಸಿರು ಸೀರೆ, ನರೆತ ತುರುಬು. ಸರಿ. ಬಸ್ಸು ಹೊರಟಿತು.

ಕಂಡಕ್ಟರ್ ಬಂದಾಗ ರಾಘಣ್ಣನವರು ಎರಡೂ ಪಾಸುಗಳನ್ನು ಬೀಸಣಿಕೆಯಂತೆ ಬಿಡಿಸಿ ಹಿಡಿದು, ಮುಂದಿನ ಹಸಿರು ಸೀರೆಯತ್ತ ಗದ್ದ ತೋರಿಸಿದರು. ಅವರ ಮನಸ್ಸಿನಲ್ಲಿ ಆಗಲೇ ಆಲ್ಪ್ಸ್ ಪರ್ವತ ಹಿಂದೆ ಸರಿಯುತ್ತಿತ್ತು. ಸ್ವಾರಗೇಟಿನಲ್ಲಿ ಇಳಿದು, ಮುಂದಿನ ಬಾಗಿಲಿಗೆ ನಡೆದು, ಇಳಿಯುತ್ತಿದ್ದ ಹಸಿರು ಸೀರೆಗೆ ಧಾರಾಳವಾಗಿ ಕೈ ಚಾಚಿದರು.

“ಸಾವಕಾಶ ಇಳಿ, ಭಾಮಾ. ಈಗ ವಸೂಲಾತು ನೋಡು.”

ಹಸಿರು ಸೀರೆ ತಿರುಗಿತು. ಮೂಗುತಿ ಬೇರೆ, ಮುಖ ಬೇರೆ, ಕಣ್ಣಿನಲ್ಲಿದ್ದ ಕಿಡಿಯಂತೂ ಪೂರ್ತಿ ಬೇರೆ.

“ಕಾಯ್ ಹೋ ಕಾಕಾ, ಕೋಣ್ ಭಾಮಾ?”

ಯಾವ ಭಾಮಾ ಎಂಬ ಪ್ರಶ್ನೆಗೆ ಉತ್ತರ ರಾಘಣ್ಣನವರ ಹತ್ತಿರವಿತ್ತು, ಭಾಮಾ ಇರಲಿಲ್ಲ. ಕೈ ಮುಗಿದು ಹಿಂದೆ ಸರಿದು, ಗಡಬಡಿಸಿ ಹೆಂಡತಿಯ ನಂಬರಿಗೆ ಫೋನು ಹಚ್ಚಿದರು. ಅವರ ಹೆಗಲ ಚೀಲವೇ ಹಾಡತೊಡಗಿತು.

ಅದೇ ಬಸ್ಸು ಖಡಕವಾಸಲಾಕ್ಕೆ ಮರಳಿ ಹೊರಟಿತ್ತು. ಓಡಿ ಹತ್ತಿದರು. ಕಂಡಕ್ಟರ್ ಅವರ ಎರಡು ಪಾಸುಗಳನ್ನೂ ಮುಖವನ್ನೂ ನೋಡಿ ಸಂಗತಿಯನ್ನು ಊಹಿಸಿಕೊಂಡ.

“ಬಾಯಕೋ ವಿಸರಲಾತ್ ಕಾಕಾ, ಪಾಸ್ ನಾಹೀ ವಿಸರಲಾತ್,” ಎಂದ. ಹೆಂಡತಿಯನ್ನು ಮರೆತಿರಿ, ಪಾಸು ಮಾತ್ರ ಮರೆಯಲಿಲ್ಲ. ಬಸ್ಸಿನಲ್ಲಿ ಮರಾಠಿ ಬಾರದವರು ಯಾರೂ ಇರಲಿಲ್ಲವಾದ್ದರಿಂದ ಎಲ್ಲರೂ ನಕ್ಕರು.

ಸಿಂಹಗಡ ರಸ್ತೆಯ ವಾಹನಗಳ ಜಂಗುಳಿಯಲ್ಲಿ ಬಸ್ಸು ಒಂದೊಂದು ಹೆಜ್ಜೆ ಇಡುತ್ತಿತ್ತು. ರಾಘಣ್ಣನವರು ಕೂರಲಿಲ್ಲ, ಸೀಟು ಖಾಲಿಯಿದ್ದರೂ ಕಂಬ ಹಿಡಿದು ನಿಂತರು. ಅವರ ಕಣ್ಣಿಗೆ ಹೆಸರು ಓದಲಾಗದ ಯಾವುದೋ ಸ್ಟೇಶನ್ನು, ತಿಳಿಯದ ಭಾಷೆಯ ಘೋಷಣೆ, ಫೋನಿಲ್ಲದೆ, ಪರ್ಸಿಲ್ಲದೆ ಪ್ಲಾಟ್‌ಫಾರ್ಮಿನ ಮೇಲೆ ನಿಂತ ಎಲೆಹಸಿರು ಸೀರೆ ಕಂಡಿತು. ಅವಳನ್ನು ಹಾಗೆ ಬರಿಗೈಯಲ್ಲಿ ನಿಲ್ಲಿಸಿದ್ದು ಯಾವ ಕಿಸೆಗಳ್ಳನೂ ಅಲ್ಲ. ಹಾಲಿನ ಕ್ಯಾನನ್ನೂ ಬಿಟ್ಟು ಗಾಡಿ ಹೊರಡಿಸದ ಗಾರ್ಡ್ ಇವತ್ತು ಹೆಂಡತಿಯನ್ನೇ ಬಿಟ್ಟು ಹೊರಡಿಸಿದ್ದ. ಇಷ್ಟು ವರ್ಷದ ಸೇವಾಪುಸ್ತಕದಲ್ಲಿ ಇಂಥದೊಂದು ಕಪ್ಪುಚುಕ್ಕೆ ಇರಲಿಲ್ಲ.

ಬಸ್ಸು ನಿಲ್ಲುವ ಮೊದಲೇ ಇಳಿದರು. ಭಾಮಾಬಾಯಿ ಅದೇ ಕಟ್ಟೆಯ ಮೇಲೆ, ಅದೇ ಭಂಗಿಯಲ್ಲಿದ್ದರು. ಪಕ್ಕದಲ್ಲಿ ತಿಂದು ಮುಗಿಸಿದ ಒಂದು ತೆನೆಯ ದಿಂಡು, ಕೈಯಲ್ಲಿ ಇನ್ನೊಂದು ತೆನೆ.

“ಬಂದ್ರ್ಯಾ? ಸ್ವಾರಗೇಟ್ ಛಲೋ ಇತ್ತೇನು?”

“ಭಾಮಾ, ನೀ ಯಾಕ ಹತ್ತಲಿಲ್ಲ?” ಎಂದರು ರಾಘಣ್ಣನವರು.

“ನಾ ಬರೂದಿಲ್ಲ ಅಂದೆ. ನೀವು ತಿರುಗಿ ನೋಡ್ಲಿಲ್ಲ. ನೋಡೇ ಬಿಡ್ತಾರ, ಗಾರ್ಡ್ ಇದ್ದವರು, ಅಂತ ಕೂತೆ.”

ರಾಘಣ್ಣನವರು ಚೀಲ ಕೆಳಗಿಟ್ಟು ಅವರ ಪಕ್ಕದಲ್ಲಿ ಕುಳಿತರು.

“ತೆನಿಗೆ ರೊಕ್ಕ ಎಲ್ಲೀದು?”

“ಸೆರಗಿನ ತುದಿಗೆ ಕಟ್ಕೊಂಡಿದ್ದೆ. ನಿಮ್ಮ ಯುರೋಪಿನ ಮ್ಯಾಲ ನನಗ ಮೊದಲಿಂದನೂ ನಂಬಿಕಿ ಇರಲಿಲ್ಲ.” ಭಾಮಾಬಾಯಿ ತೆನೆಯನ್ನು ಮುರಿದು ಅರ್ಧ ಅವರ ಕೈಗಿಟ್ಟರು. “ತಿನ್ರಿ. ಬೆಳಗಿಂದ ನೀವೂ ಉಪವಾಸ.”

ನಿಲ್ದಾಣದಿಂದ ಕಂಡಕ್ಟರ್ ಕೂಗಿ ಕರೆದ. ರೂಢಿಯಂತೆ ರಾಘಣ್ಣನವರ ಮೊಣಕಾಲು ಏಳಲು ಹವಣಿಸಿತು. ಅವರು ಅದನ್ನು ಕೈಯಿಂದ ಒತ್ತಿ ಹಿಡಿದು, ಮುಂದಿನ ಬಸ್ಸಿಗೆ ಬರುತ್ತೇವೆಂದು ಸನ್ನೆ ಮಾಡಿದರು. ಜೇಬಿನಲ್ಲಿ ಪಾಸಿರುವಾಗ ಅವರು ತಾವಾಗಿ ಬಿಟ್ಟುಕೊಟ್ಟ ಮೊದಲ ಗಾಡಿ ಅದು. ಬಸ್ಸು ಹೋದ ಮೇಲೆ ಕೆರೆಯ ಸದ್ದು ಕೇಳಿಸತೊಡಗಿತು. ನೀರಿಗೆ ಸದ್ದಿದೆ ಎಂಬುದೂ ಅವರಿಗೆ ಆಗಲೇ ತಿಳಿದದ್ದು.

ಸೂರ್ಯ ಇಳಿಯುವ ಹೊತ್ತಿಗೆ ಚೀಲ ಮತ್ತೆ ಹಾಡಿತು. ಮಂಜರಿ.

“ಅವ್ವಾ, ಏನ್ ಮಾಡಿದ್ರಿ? ಪಾಸು ತಗೀಲೋ ಬ್ಯಾಡೋ?”

ಭಾಮಾಬಾಯಿ ಚೀಲದಿಂದ ತೆಗೆದಿದ್ದ ಫೋನನ್ನು ಗಂಡನ ಕೈಗೆ ಕೊಟ್ಟರು.

“ಪಾಸು ಬ್ಯಾಡವ್ವಾ. ಲುಸರ್ನಿನಾಗ ಸರೋವರದ ದಂಡಿಗೆ ಒಂದು ಖೋಲಿ ನೋಡು. ಅಲ್ಲೇ ಇರ್ತೇವಿ. ಪ್ಯಾರಿಸ್ಸಿಗೆ ಹೋಗಿ ಬರೋದಕ್ಕಷ್ಟ...” ರಾಘಣ್ಣನವರು ಜೇಬಿನ ಪಾಸುಗಳನ್ನು ಮುಟ್ಟಿ ನೋಡಿಕೊಂಡರು. “ಟಿಕೀಟು ತಗಿ. ಎರಡು. ಬಾಜೂ ಬಾಜೂ ಸೀಟು ಇರಲಿ.”

ಆ ಕಡೆಯಿಂದ ಮಂಜರಿ ಮೆಲ್ಲಗೆ, “ಅಪ್ಪಾ, ಮೈಯಾಗ ಆರಾಮ ಇದ್ದೀರಿಲ್ಲೋ?” ಎಂದಳು.

ಕತ್ತಲಾಗುವಾಗ ಅದೇ ಬಸ್ಸು ಮತ್ತೆ ಬಂತು. ಈ ಸಲ ರಾಘಣ್ಣನವರು ಮುಂದಿನ ಬಾಗಿಲ ಬಳಿ ನಿಂತು ಹೆಂಡತಿಯನ್ನು ಮೊದಲು ಹತ್ತಿಸಿದರು, ಆಮೇಲೆ ತಾವು ಹತ್ತಿದರು. ಹಿಂದೆ ಹೋಗಿ ಜೋಡಿ ಸೀಟು ಹುಡುಕಿ, ಕಿಟಕಿಯ ಪಕ್ಕ ಅವರನ್ನು ಕೂರಿಸಿ, ಅವರ ಫೋನನ್ನೂ ಪರ್ಸನ್ನೂ ಮಡಿಲಲ್ಲಿಟ್ಟರು. ಕಂಡಕ್ಟರ್ ಗಂಟೆಯ ಹಗ್ಗಕ್ಕೆ ಕೈ ಹಾಕಿದವನು ಎಳೆಯದೆ ಹಾಗೇ ನಿಂತ. ತುಂಬಿದ ಬಸ್ಸಿಗೆಲ್ಲ ಕೇಳಿಸುವಂತೆ ವಿನಯದಿಂದ ಕೇಳಿದ.

“ಕಾಕೂ ಬಸಲ್ಯಾ ಕಾ, ಕಾಕಾ? ಬೆಲ್ ಮಾರೂ?”

ಅಮ್ಮನವರು ಕುಳಿತರೇ, ಗಂಟೆ ಹೊಡೆಯಲೇ ಎಂದು ದೌಂಡ ಜಂಕ್ಷನ್ನಿನ ಗಾರ್ಡನನ್ನು ಕೇಳುವ ಕಾಲ ಬಂದಿತ್ತು. ರಾಘಣ್ಣನವರು ತಲೆ ತಗ್ಗಿಸಿದರು. ಅವರ ಪಕ್ಕದಿಂದ ಭಾಮಾಬಾಯಿ ಕೈ ಮೇಲೆತ್ತಿ, ತಮ್ಮ ಹಸಿರು ಸೆರಗನ್ನು ಎರಡು ಸಲ ಬೀಸಿದರು. ಗಾಡಿ ಹೊರಟಿತು.