ಸಾವಿರ ಲ್ಯೂಮೆನ್ ಮತ್ತು ಮಾವನ ನೀರಿನ ಪಾಳಿ

ಡಬ್ಬಿಯ ಮೇಲಿನ ಮಾತನ್ನು ಸುಮ್ಮನೆ ನಂಬುವವಳು ನಾನಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ವಾದದಲ್ಲಿ ತೂತು ಹುಡುಕಿ ಹುಡುಕಿಯೇ ಮನೆಯ ಶೋಕೇಸು ತುಂಬಿಸಿದ್ದೇನೆ. ಅಂಥವಳು ಬಳ್ಳಾರಿಯ ಅಂಗಡಿಯಲ್ಲಿ ಬೆರಳುದ್ದದ ಟಾರ್ಚೊಂದನ್ನು ಕೊಂಡಳೆಂದರೆ, ಅದು ಸಕಲ ಪರೀಕ್ಷೆಗಳನ್ನೂ ದಾಟಿದೆ ಎಂದೇ ಅರ್ಥ. ಸಾವಿರ ಲ್ಯೂಮೆನ್ ಬೆಳಕು, ಒಮ್ಮೆ ಚಾರ್ಜ್ ಮಾಡಿದರೆ ಮೂವತ್ತು ತಾಸು!

ಅದನ್ನು ಜೇಬಿಗಿಳಿಸಿ ಸಿರುಗುಪ್ಪದ ಬಸ್ ಹಿಡಿದು ಕರೂರಿನ ಸೋದರಮಾವನ ಮನೆ ಸೇರಿದೆ. ನಾಡಿದ್ದು ಮಾವನ ಗದ್ದೆಯಲ್ಲಿ ಭತ್ತದ ನಾಟಿ. ನಾನು ಹೋದ ದಿನವೇ ಸಂಜೆ ಏಳರಿಂದ ಒಂಬತ್ತೂವರೆವರೆಗೆ ಅವರ ಕಾಲುವೆ ನೀರಿನ ಪಾಳಿ. ಅಷ್ಟರೊಳಗೆ ಗದ್ದೆ ನೆನೆಯಬೇಕು. ತಪ್ಪಿದರೆ ಮತ್ತೆ ಎಂಟು ದಿನ.

ಮಾವನ ಮೂರು ಸೆಲ್ಲಿನ ಹಳೇ ಟಾರ್ಚಿನ ಬೆಳಕು ಅರಿಶಿಣದ ನೀರಿನಂತಿತ್ತು.

"ಇದರಾಗ ವಟಗುಟ್ಟೋ ಒಂದು ಕಪ್ಪಿನೂ ಕಾಣಂಗಿಲ್ಲ ಮಾಮ."

"ಕಪ್ಪಿ ನೋಡಾಕ ಯಾರು ಹೊಂಟಾರವ್ವಾ? ಬೆಳಕು ಎಷ್ಟು ದೂರ ಹೋಗ್ತೈತಿ ಅನ್ನಾದಲ್ಲ, ಎಷ್ಟೊತ್ತು ಇರ್ತೈತಿ ಅನ್ನಾದು."

"ನಂದರಾಗ ಎರಡೂ ಐತಿ."

ಸಭೆ ನನ್ನದಾಯಿತು. ಸಭೆ ಎಂದರೆ ಮಾವ, ಅತ್ತೆ ಮತ್ತು ಎಮ್ಮೆ.

ಗದ್ದೆಯ ಆ ತುದಿಯಲ್ಲಿ, ಕಾಲುವೆಯ ತೂಬಿನ ಬಳಿ, ಪಕ್ಕದ ಹೊಲದ ಹುಸೇನ್ ಸಾಬರು ಕೂತರು. ಎರಡು ಫೋನುಗಳು ಕಾಲುವೆ ಪಾಲಾದ ಮೇಲೆ ಅವರು ಹೊಲಕ್ಕೆ ಫೋನ್ ತರುವುದನ್ನೇ ಬಿಟ್ಟಿದ್ದರು. ಹಾಗಾಗಿ ಬೆಳಕಿನ ಸನ್ನೆ: ನೀರು ಗದ್ದೆಯ ಕೊನೆ ಮುಟ್ಟಿದಾಗ ಟಾರ್ಚನ್ನು ಎರಡು ಸಲ ಮಿಟುಕಿಸಬೇಕು. ಅವರು ತೂಬು ಮುಚ್ಚಿ, ನೀರನ್ನು ಮುಂದಿನ ಪಾಳಿಯ ಈರಣ್ಣನಿಗೆ ತಿರುಗಿಸುತ್ತಾರೆ. ಮಿಟುಕಿಸುವ ಹೊಣೆ ನನ್ನದು. ಮಾವ ಬದುವಿನ ಇಲಿ ಬಿಲ ಮುಚ್ಚಲು ಹೋದರು.

ಕೊನೆಯ ಬದುವಿನ ಮೇಲೆ ನಿಂತು ಪೂರ್ತಿ ಬೆಳಕು ಬಿಟ್ಟೆ. ಹುಸೇನ್ ಸಾಬರ ಬನೀನಿನ ತೂತೂ ಕಂಡಿತು. ಅವರು ಒಂದು ಕೈ ಕಣ್ಣಿಗೆ ಅಡ್ಡ ಹಿಡಿದು, ಇನ್ನೊಂದು ಕೈಯಲ್ಲಿ 'ಕಡಿಮಿ ಮಾಡು' ಎಂದು ಸನ್ನೆ ಮಾಡಿದರು. ಅಲ್ಪತೃಪ್ತರ ವಾದವೆಂದು ತಳ್ಳಿಹಾಕಿದೆ.

ಸ್ವಲ್ಪ ಹೊತ್ತಿಗೆ ಟಾರ್ಚು ಬಾಣಲೆಯಿಂದ ತೆಗೆದ ಮಿರ್ಚಿಯಂತೆ ಕಾದು, ತಾನೇ ಬೆಳಕು ತಗ್ಗಿಸಿಕೊಂಡಿತು. ನಾನು ಏರಿಸಿದೆ. ಅದು ಇಳಿಸಿತು. ಮತ್ತೆ ಏರಿಸಿದೆ. ವಾದದಲ್ಲಿ ನಾನು ಬಿಟ್ಟುಕೊಡುವವಳಲ್ಲ.

ಒಂದು ತಾಸು ಕಳೆದು, ನೀರು ಇನ್ನೂ ಅರ್ಧ ಗದ್ದೆಯಲ್ಲಿದ್ದಾಗ ಟಾರ್ಚು ಎರಡು ಸಲ ಮಿಟುಕಿತು.

ನಾನಲ್ಲ, ಅದೇ! ಚಾರ್ಜ್ ಮುಗಿಯುತ್ತಿದೆ ಎಂದು ತಿಳಿಸುವ ಅದರ ಸಭ್ಯ ಪದ್ಧತಿ ಅದು.

ಹುಸೇನ್ ಸಾಬರು ಕೈ ಎತ್ತಿ, ತೂಬು ಮುಚ್ಚಿ, ಬೀಡಿ ಹಚ್ಚಿ ಮನೆಯತ್ತ ನಡೆದರು. ನಾನು ಕೂಗಿದ್ದು ಪಕ್ಕದ ಪಂಪಿನ ಸದ್ದಿನಲ್ಲಿ ಮುಳುಗಿತು. ಓಡಿದೆ. ಟಾರ್ಚು ಪೂರ್ತಿ ಆರಿತು. ಬದು ಎಡಕ್ಕೆ ತಿರುಗಿತು. ನಾನು ತಿರುಗಲಿಲ್ಲ.

ಕೆಸರಿನಲ್ಲಿ ಕೂತಿದ್ದ ನನ್ನ ಮೇಲೆ ಅರಿಶಿಣದ ಬೆಳಕು ಬಿತ್ತು.

"ಈಗ ಒಂದು ಕಪ್ಪಿ ಕಾಣಾಕತ್ತೈತಿ ನೋಡವ್ವಾ," ಎಂದರು ಮಾವ.

ನೀರು ಆಗಲೇ ಈರಣ್ಣನ ಹೊಲಕ್ಕೆ ಹರಿಯುತ್ತಿತ್ತು. ಮಾವನ ಹಿಂದೆ ಹೋಗಿ ಈರಣ್ಣನ ಮುಂದೆ ತಲೆತಗ್ಗಿಸಿ ನಿಂತೆ. ಈರಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹುಡುಗಿ ಬಿದ್ದಾಳಂತ ಬಿಡಾಕತ್ತೀನಿ. ವಾದಕ್ಕ ನಿಂತಿದ್ರ ಬಿಡ್ತಿದ್ದಿಲ್ಲ," ಎಂದು ನೀರು ಮರಳಿಸಿದರು. ಒಂಬತ್ತೂವರೆಗೆ ಗದ್ದೆ ನೆನೆಯಿತು. ಈ ಸಲ ತೂಬಿನ ಬಳಿ ನಿಂತ ಈರಣ್ಣನಿಗೆ ಸರಿಯಾದ ಸನ್ನೆ ಕೊಟ್ಟಿದ್ದು ಮಾವನ ಟಾರ್ಚು.

ಮನೆಗೆ ಬಂದವಳೇ ಮೋಸವನ್ನು ಬಯಲಿಗೆಳೆಯಲು ಡಬ್ಬಿ ತೆಗೆದೆ. ತಳದಲ್ಲಿ ಸಾಸಿವೆಗಿಂತ ಸಣ್ಣ ಅಕ್ಷರಗಳಿದ್ದವು: ಮೂವತ್ತು ತಾಸು ಅತಿ ಕಡಿಮೆ ಬೆಳಕಿನಲ್ಲಿ, ಪೂರ್ತಿ ಬೆಳಕಿನಲ್ಲಿ ಒಂದೇ ತಾಸು.

ಅದನ್ನು ಓದಲು ಮಾವನ ಟಾರ್ಚು ಬೇಕಾಯಿತು.