ದುಬೈಗೆ ಹೊರಟ ಫರಸಿ ಕಲ್ಲು

ಶಹಾಬಾದಿನ ಫರಸಿ ಕಲ್ಲು ನಮ್ಮ ಕಡೆಯ ಪ್ರತಿ ಪಡಸಾಲೆಯ ನೆಲದಲ್ಲೂ ಇದೆ. ದುಬೈಯಲ್ಲಿ ಮಾತ್ರ ಯಾಕಿಲ್ಲ? ಈ ಪ್ರಶ್ನೆ ಹೊಳೆದ ದಿನವೇ, ಕಲ್ಲಿಗೆ ಪಾಲಿಶ್ ಮಾಡುವ ನನ್ನ ಪುಟ್ಟ ಕಾರ್ಖಾನೆಯನ್ನು ಅಂತರರಾಷ್ಟ್ರೀಯ ಸಂಸ್ಥೆಯನ್ನಾಗಿ ಮಾಡಲು ನಿರ್ಧರಿಸಿಬಿಟ್ಟೆ!

ಕಲಬುರಗಿಯ ಹೋಟೆಲೊಂದರಲ್ಲಿ ವ್ಯಾಪಾರಸ್ಥರ ಬಳಗವೊಂದು ವಾರಕ್ಕೊಮ್ಮೆ ಸೇರುತ್ತಿತ್ತು. ಒಬ್ಬರನ್ನು ಇನ್ನೊಬ್ಬರಿಗೆ ಪರಿಚಯಿಸುವುದೇ ಅಲ್ಲಿಯ ಕಾಯಕ. ಸದಸ್ಯನಾದೆ. ಕೋಟು ಹೊಲಿಸಿದೆ.

ಹೆಂಡತಿ ಶಾಂತಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಚಿಂಚೋಳಿಗೆ ಕಳಿಸಿದ ಕಲ್ಲೇ ದಾರ್ಯಾಗ ಅರ್ಧ ಒಡೀತಾವ. ದುಬೈಗೆ ಏನ್ ಪುಡಿ ಮಾರ್ತೀರೇನ್ರಿ?"

"ನಿನಗ ತಿಳ್ಯಾಂಗಿಲ್ಲ. ಇದು ನೆಟ್‌ವರ್ಕ್!"

"ನಮ್ಮ ಮನ್ಯಾಗ ಅದು ಮಾಳಗಿ ಮ್ಯಾಲೆ ಹತ್ತಿದ್ರಷ್ಟ ಸಿಗ್ತದ," ಎಂದಳು.

ಬಳಗದ ಮೂಲಕವೇ ಒಬ್ಬ ಮಹನೀಯರು ಸಿಕ್ಕರು. ದುಬೈ ಕಂಪನಿಯ ಪ್ರತಿನಿಧಿ! ನನ್ನ ಕಲ್ಲನ್ನು ಸವರಿ, "ಅದ್ಭುತ! ಆದರೆ ಕಂಪನಿಗೆ ನಂಬಿಕೆ ಬರಬೇಕು. ನಿಮ್ಮ ಗಿರಾಕಿಗಳನ್ನು ತೋರಿಸ್ತೀರಾ?" ಎಂದರು.

ತೋರಿಸದಿರಲು ನಾನೇನು ಸಣ್ಣ ಮನುಷ್ಯನೇ? ನನ್ನ ಗಾಡಿಯಲ್ಲೇ ಕೂಡಿಸಿಕೊಂಡು ಸೇಡಂ, ಚಿತ್ತಾಪುರ, ವಾಡಿ ಸುತ್ತಿಸಿದೆ. ನನ್ನ ಗಿರಾಕಿಯಾದ ಪ್ರತಿ ಗುತ್ತಿಗೆದಾರನ ಎದುರು ಈ ಪ್ರತಿನಿಧಿಯ ಹೆಗಲ ಮೇಲೆ ಕೈಯಿಟ್ಟು, "ಇವ್ರು ನಮ್ಮ ಮನಿ ಮನ್ಷಾರು ಇದ್ದಂಗ" ಎಂದೆ. ಅವರು ಎಲ್ಲರ ನಂಬರ್ ತೆಗೆದುಕೊಂಡರು. ನನ್ನ ಕಲ್ಲಿನ ಫೋಟೋ ಹೊಡೆದುಕೊಂಡರು. ಶಾಂತಾ ಮಾಡಿದ ಎಣ್ಣೆಗಾಯಿ ಮತ್ತೆ ಹಾಕಿಸಿಕೊಂಡರು. ಹೋದರು.

ಮಳೆಗಾಲ ಕಳೆಯಿತು. ಆರ್ಡರ್ ಬರಲಿಲ್ಲ. ಬಂದದ್ದು ರಾವೂರಿನಿಂದ ನನಗೆ ಕಲ್ಲು ಕೊಡುವ ಖಾದರ್ ಸಾಬರು. ಕೈಯಲ್ಲಿ ಹೊಳೆಯುವ ಒಂದು ಟೈಲ್.

"ನೋಡ್ರಿ ಸಾವ್ಕಾರ್ರ. ನಿಮ್ಮ ದುಬೈ ಮನ್ಷಾ ಸೇಡಂದಾಗ ದುಕಾನ್ ತೆಗದಾನ."

ನೋಡಿದೆ. ನನ್ನದೇ ಕಲ್ಲಿನ ಬಣ್ಣ, ನನ್ನದೇ ಕಲ್ಲಿನ ಗೆರೆ. ಆದರೆ ಕಲ್ಲಲ್ಲ, ಟೈಲಿನ ಮೇಲೆ ಅಚ್ಚು ಹಾಕಿದ ಅದರ ಫೋಟೋ!

ಸೇಡಂ ಗುತ್ತಿಗೆದಾರನಿಗೆ ಫೋನ್ ಹಚ್ಚಿ ಕೂಗಾಡಿದೆ. ಅವನಿಗೇ ಆಶ್ಚರ್ಯ. "ಮನಿ ಮನ್ಷಾರಂತ ನೀವೇ ಹೇಳಿದ್ರಲ್ರಿ ಅಣ್ಣಾ? ನಿಮ್ಮ ಮಾರಿ ನೋಡೇ ಆರ್ಡರ್ ಕೊಟ್ಟೀನಿ!"

ಉಳಿದ ಗಿರಾಕಿಗಳೂ ಆ ಟೈಲಿಗೇ ಹೋದರು; ದೀಪಾವಳಿಗೆ ಮೊದಲೇ ನನ್ನ ಮಷೀನ್ ನಿಂತಿತು. ಕೆಲಸದವರನ್ನು ಮನೆಗೆ ಕಳಿಸುವಾಗ ಯಾರ ಮುಖವನ್ನೂ ನೋಡಲಾಗಲಿಲ್ಲ. ಶಾಂತಾ ಕೂಡ ಬೈಯಲಿಲ್ಲ. "ವಿದೇಶಕ್ಕ ಹೋಗ್ತೀನಂದ್ರಿ. ವಿದೇಶನ ನಿಮ್ಮ ಗಾಡ್ಯಾಗ ಕುಂತು ಬಂತು," ಎಂದಳಷ್ಟೆ.

ವ್ಯಾಪಾರಸ್ಥರ ಬಳಗದ ಮುಂದಿನ ಸಭೆಯಲ್ಲಿ ನನ್ನನ್ನು ವೇದಿಕೆಗೆ ಕರೆದರು. "ವಿದೇಶಿ ಕಂಪನಿಯೊಂದನ್ನು ನಮ್ಮ ಜಿಲ್ಲೆಗೆ ಪರಿಚಯಿಸಿದ ಮಹನೀಯರು" ಎಂದು ಶಾಲು ಹೊದಿಸಿದರು. ಹೊದಿಸಿದವರು ಅದೇ ಪ್ರತಿನಿಧಿ! ಸಭೆ ಚಪ್ಪಾಳೆ ಹೊಡೆಯಿತು. ಎಲ್ಲರೂ ಹೊಡೆಯುವಾಗ ಸುಮ್ಮನೆ ನಿಂತರೆ ಚೆನ್ನಾಗಿ ಕಾಣುವುದಿಲ್ಲವೆಂದು, ನಾನೂ ಹೊಡೆದೆ.